ಕುಮಾರ ಪರ್ವತದ ಹಾದಿಗೆ ಎಷ್ಟು ಹೆಜ್ಜೆಗಳು?

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತವನ್ನು ನಾನು ಮೊದಲ ಸಲ ಏರಿದಾಗ ದಾರಿಯುದ್ದಕ್ಕೂ ಎದುರಾದವರು ಆರು ಮಂದಿ. ಊರಿಗೆ ಮರಳಿ, ಕಂಡವರಿಗೆಲ್ಲ 'ಒಮ್ಮೆ ಹೋಗಿ ಬನ್ನಿ' ಎಂದು ಹೇಳಿದ್ದೇ ಹೇಳಿದ್ದು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅದೇ ಹಾದಿಯಲ್ಲಿ ಸಾವಿರಾರು ಜನ ಜಾತ್ರೆಯಂತೆ ಸಾಲುಗಟ್ಟಿ ನಿಂತ ಚಿತ್ರಗಳನ್ನು ಕಂಡಾಗ, ಆ ಸಾಲಿನಲ್ಲಿ ನನ್ನ ಮಾತು ಕೇಳಿ ಹೊರಟವರೂ ಇರಬಹುದೆಂದು ಅಳುಕಾಯಿತು.

ಶಿಖರದ ಎತ್ತರ 1,712 ಮೀಟರ್. ಹೊರಡುವ ಊರು ಘಟ್ಟದ ಬುಡದಲ್ಲಿದೆ. ಹೀಗಾಗಿ ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರವನ್ನು ಮೊಣಕಾಲುಗಳೇ ಗಳಿಸಬೇಕು. ಮೊದಲಿಗೆ ಹಗಲಲ್ಲೂ ಮಬ್ಬುಗತ್ತಲೆಯ ಕಾಡು. ಮರದ ಬೇರುಗಳೇ ಮೆಟ್ಟಿಲು. ಮಳೆಗಾಲದಲ್ಲಾದರೆ ಇಂಬಳಗಳ ಸ್ವಾಗತ. ಗಿರಿಗದ್ದೆಯ ಹೊತ್ತಿಗೆ ಕಾಡು ಸರಿದು ಆಕಾಶ ತೆರೆಯುತ್ತದೆ. ಅಲ್ಲಿನ ಭಟ್ಟರ ಮನೆಯಲ್ಲಿ ಉಂಡ ಅನ್ನ ಸಾರಿನ ರುಚಿಯನ್ನು ಹಳೆಯ ಚಾರಣಿಗರು ಯಾರೂ ಮರೆತಿಲ್ಲ. ಅಲ್ಲಿಂದಾಚೆ ಕಲ್ಲುಮಂಟಪ, ಶೇಷಪರ್ವತ. ಬಹುಪಾಲು ನೆರಳಿಲ್ಲದ ಹುಲ್ಲುಗಾವಲು.

ನನ್ನ ಕಳವಳವೆಲ್ಲ ಆ ಹುಲ್ಲಿನದು. ಬೋಳುಗುಡ್ಡದಂತೆ ಕಾಣುವ ಈ ಇಳಿಜಾರುಗಳೂ ಅವುಗಳ ಮಡಿಲಲ್ಲಿ ಅವಿತ ಶೋಲಾ ಕಾಡುಗಳೂ ಸೇರಿ ಮುಂಗಾರಿನ ನೀರನ್ನು ಹೀರಿಟ್ಟುಕೊಂಡು ಬೇಸಿಗೆಗೆ ಬಿಡುತ್ತವೆ. ಬೂಟುಗಳ ತುಳಿತಕ್ಕೆ ಹುಲ್ಲು ಸತ್ತರೆ ಕಾಲುದಾರಿ ಮೊದಲ ಮಳೆಗೇ ಕೊರಕಲಾಗುತ್ತದೆ. ಕೊರಕಲಲ್ಲಿ ನಡೆಯಲಾರದವರು ಪಕ್ಕದಲ್ಲಿ ನಡೆಯುತ್ತಾರೆ. ಅಲ್ಲೊಂದು ಹೊಸ ಕೊರಕಲು. ಪ್ಲಾಸ್ಟಿಕ್ಕನ್ನಾದರೂ ಹೆಕ್ಕಿ ತರಬಹುದು, ಕೊಚ್ಚಿಹೋದ ಮಣ್ಣನ್ನು ತರುವವರಾರು? ಈ ಸೀಮೆಯ ನೀರು ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ; ಮುಂದೆ ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗಳಿಗೆ ಹೋಗುತ್ತದೆ. ಬೆಟ್ಟವನ್ನು ಎಂದೂ ಹತ್ತದವರಿಗೂ ಇದರಲ್ಲಿ ಪಾಲಿದೆ.

ಆ ಜನಜಂಗುಳಿಯ ಬಳಿಕ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಮೇಲೆ ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. 'ಕಾಡು ಇಂಟರ್ನೆಟ್ ಉಳ್ಳವರ ಸೊತ್ತೇ?' ಎಂದು ಗೆಳೆಯರೊಬ್ಬರು ಸಿಡುಕಿದರು. ಅವರ ಸಿಟ್ಟು ಅರ್ಧ ನ್ಯಾಯವೇ. ಆದರೆ ಪುಷ್ಪಗಿರಿ ವನ್ಯಜೀವಿಧಾಮ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲೊಂದು. ಇಂಥ ತಾಣವನ್ನು ನಾವು ಅಭಯಾರಣ್ಯವೆಂದೂ ಕರೆಯುತ್ತೇವೆ. ಆ ಅಭಯ ಕೊಟ್ಟಿದ್ದು ನಮಗಲ್ಲ, ಅಲ್ಲಿನ ಜೀವಗಳಿಗೆ. ನನ್ನ ತಕರಾರು ಬೇರೆ. ಎಷ್ಟು ಜನವೆಂಬುದನ್ನು ಪ್ರತಿ ಹಾದಿಯ ಮಣ್ಣು, ಇಳಿಜಾರು, ಋತು ನೋಡಿ ನಿರ್ಧರಿಸಬೇಕು. ಮುಂಗಾರು ಮುಗಿದ ಮೇಲೆ ಒಮ್ಮೆ ಹಾದಿಯನ್ನು ಅಳೆದು ನೋಡಿ, ಕೊರಕಲು ಹೆಚ್ಚಿದ್ದರೆ ಮುಂದಿನ ಸಲ ಆ ದಾರಿಗೆ ಪೂರ್ತಿ ವಿಶ್ರಾಂತಿ ಕೊಡಬೇಕು. ಟಿಕೆಟ್ಟಿನ ಹಣದಲ್ಲಿ ಒಂದಂಶ ಬೆಟ್ಟದ ಬುಡದ ಊರುಗಳವರಿಗೆ, ಹಾದಿ ಕಾಯುವ ಕೂಲಿಯಾಗಿ ಸಲ್ಲಬೇಕು.

ಕಳೆದ ಸಲ ನಾನು ಬಯಸಿದ ದಿನಕ್ಕೆ ಟಿಕೆಟ್ ಸಿಗಲಿಲ್ಲ. ಇಷ್ಟೆಲ್ಲ ವಾದಿಸುವ ನನಗೂ ಸಿಟ್ಟು ಬಂತೆಂದು ಒಪ್ಪಿಕೊಳ್ಳಬೇಕು. ಆದರೂ ಸುಬ್ರಹ್ಮಣ್ಯಕ್ಕೆ ಹೋದೆ. ಕುಮಾರಧಾರೆಯಲ್ಲಿ ಕಾಲು ಇಳಿಬಿಟ್ಟು ಮಧ್ಯಾಹ್ನದವರೆಗೆ ಕುಳಿತಿದ್ದೆ. ನೀರು ತಣ್ಣಗಿತ್ತು, ತಿಳಿಯಾಗಿತ್ತು. ಮೋಡ ಮುಚ್ಚಿದ್ದರಿಂದ ಬೆಟ್ಟ ಕಾಣಲಿಲ್ಲ.