ಆಕಾಶದಲ್ಲಿ ಹೈಡ್ರಾಲಿಕ್ ಕೈಕೊಟ್ಟಾಗ

ಗೋಕಾಕ, ಮೂಡಲಗಿ ಕಡೆಯ ಕಬ್ಬಿನ ಹೊಲಗಳಲ್ಲಿ ಟ್ರ್ಯಾಕ್ಟರ್ ನೋಡದ ಹುಡುಗರಿಲ್ಲ. ಚಾಲಕ ಸಣ್ಣದೊಂದು ಲಿವರ್ ಎಳೆದರೆ ಹಿಂದಿನ ಭಾರದ ನೇಗಿಲು ಸಲೀಸಾಗಿ ಮೇಲೇಳುತ್ತದೆ. ಪೈಪು ಒಡೆದು ಎಣ್ಣೆ ಸೋರಿತೆಂದರೆ ಮುಗಿಯಿತು, ನೇಗಿಲು ಏಳದು. ಟ್ರ್ಯಾಕ್ಟರನ್ನು ಬದುವಿನ ಪಕ್ಕ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿಕಳಿಸಬೇಕು. ಇದೇ ತೊಂದರೆ ವಿಮಾನಕ್ಕೆ ಬಂದರೆ? ನಿಲ್ಲಿಸಲು ಅಲ್ಲಿ ಬದುವಿಲ್ಲ.

2024ರ ಅಕ್ಟೋಬರ್ 11ರ ಸಂಜೆ ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737ಕ್ಕೆ ಬಂದದ್ದು ಇದೇ ತೊಂದರೆ. ಒಳಗೆ ಸುಮಾರು 140 ಜನ. ದೋಷ ಕಂಡ ಮೇಲೂ ಪೈಲಟ್‌ಗಳು ವಿಮಾನವನ್ನು ತಕ್ಷಣ ಇಳಿಸಲಿಲ್ಲ. ಎರಡು ತಾಸಿಗೂ ಹೆಚ್ಚು ಹೊತ್ತು ಅದೇ ಸೀಮೆಯ ಮೇಲೆ ಸುತ್ತು ಹಾಕಿದರು. ಕೆಳಗೆ ಅಗ್ನಿಶಾಮಕ ವಾಹನ, ಆಂಬುಲೆನ್ಸ್‌ಗಳು ಕಾದು ನಿಂತಿದ್ದವು. ಇಷ್ಟು ಸುತ್ತಿದ್ದೇಕೆ? ಶಾರ್ಜಾದವರೆಗೆ ಬೇಕಾದ ಇಂಧನ ಟ್ಯಾಂಕಿನಲ್ಲಿತ್ತು. ಆ ಭಾರದಲ್ಲಿ ಇಳಿದರೆ ವೇಗವೂ ಹೆಚ್ಚು, ಬ್ರೇಕಿನ ಮೇಲಿನ ಹೊರೆಯೂ ಹೆಚ್ಚು. 737ರಲ್ಲಿ ಇಂಧನವನ್ನು ಗಾಳಿಗೆ ಚೆಲ್ಲುವ ಏರ್ಪಾಡಿಲ್ಲ. ಹಾರಿ ಹಾರಿಯೇ ಸುಡಬೇಕು. ರಾತ್ರಿ ಎಂಟು ದಾಟಿದ ಮೇಲೆ ಎಲ್ಲರೂ ಸುರಕ್ಷಿತವಾಗಿ ನೆಲ ಮುಟ್ಟಿದರು.

ಹೈಸ್ಕೂಲಿನಲ್ಲಿ ಕಲಿಯುವ ಪಾಸ್ಕಲ್ ನಿಯಮವೇ ಇಲ್ಲಿನ ತಳಹದಿ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 737ರಲ್ಲಿ ಈ ಒತ್ತಡ ಚದರ ಅಂಗುಲಕ್ಕೆ ಸುಮಾರು 3000 ಪೌಂಡ್. ರೆಕ್ಕೆಯ ಫ್ಲಾಪು, ಗಾಲಿ, ಬ್ರೇಕು ಎಲ್ಲವೂ ಇದರಿಂದಲೇ. ಅದಕ್ಕೇ 'ಎ', 'ಬಿ' ಎಂಬ ಎರಡು ಬೇರೆ ಬೇರೆ ವ್ಯವಸ್ಥೆಗಳು, ಜೊತೆಗೊಂದು ಮೀಸಲು. 'ಎ', 'ಬಿ' ಎರಡೂ ಹೋದರೂ ಉಕ್ಕಿನ ಕೇಬಲ್‌ಗಳ ಮೂಲಕ ಪೈಲಟ್ ತೋಳಬಲದಿಂದಲೇ ವಿಮಾನವನ್ನು ತಿರುಗಿಸಬಹುದು. ಗಾಲಿಗಳ ಕೊಂಡಿ ಬಿಡಿಸಿದರೆ ಅವು ತಮ್ಮ ಭಾರಕ್ಕೆ ತಾವೇ ಇಳಿಯುತ್ತವೆ. ಫ್ಲಾಪಿಗೆ ವಿದ್ಯುತ್ ಮೋಟಾರು ಇದೆ.

ಒಬ್ಬ ಪೈಲಟ್ ವಿಮಾನ ಹಾರಿಸುತ್ತಿದ್ದರೆ ಇನ್ನೊಬ್ಬರು ಕೈಪಿಡಿ ತೆರೆದು ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಮಾಡುತ್ತಾರೆ. ನೆನಪಿನಿಂದ ಮಾಡುವುದು ಇಲ್ಲಿ ಜಾಣತನವಲ್ಲ. ಕಂಠಪಾಠಕ್ಕೇ ಅಂಕ ಸಿಗುವುದನ್ನು ಕಂಡ ಮಕ್ಕಳಿಗೆ ಇದು ಅಚ್ಚರಿಯಾದೀತು!

ಎಲ್ಲ ವ್ಯವಸ್ಥೆಗಳೂ ಒಟ್ಟಿಗೆ ಹೋದದ್ದೂ ಉಂಟು. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಕಂಪನಿಯ ಡಿಸಿ-10 ವಿಮಾನದ ಬಾಲದ ಎಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳ ಎಣ್ಣೆ ಸೋರಿಹೋಯಿತು. ಕ್ಯಾಪ್ಟನ್ ಆಲ್ ಹೇನ್ಸ್ ಅವರಿಗೆ ಉಳಿದದ್ದು ಎರಡು ಎಂಜಿನ್ ಮಾತ್ರ. ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಪೈಲಟ್ ಡೆನ್ನಿ ಫಿಚ್ ಮುಂದೆ ಬಂದು ಎಂಜಿನ್‌ಗಳ ಲಿವರ್ ಹಿಡಿದರು. ಒಂದರ ಶಕ್ತಿ ಹೆಚ್ಚಿಸಿ ಇನ್ನೊಂದರದು ತಗ್ಗಿಸಿ ವಿಮಾನ ತಿರುಗಿಸುತ್ತ ಸೂ ಸಿಟಿಯವರೆಗೆ ತಂದರು. ಇಳಿಯುವಾಗ ವಿಮಾನ ಒಡೆದು ಹೊತ್ತಿಕೊಂಡಿತು. 296 ಜನರಲ್ಲಿ 112 ಮಂದಿ ಸತ್ತರು, 184 ಮಂದಿ ಬದುಕಿದರು.

ಎಂಜಿನ್ ಸಿಡಿದದ್ದು ಯಾಕೆ? ಅದರ ಟೈಟಾನಿಯಂ ಚಕ್ರದಲ್ಲಿ, ಲೋಹ ತಯಾರಾಗುವಾಗಲೇ ಉಳಿದಿದ್ದ ಸಣ್ಣ ದೋಷವೊಂದರಿಂದ ಬಿರುಕು ಬೆಳೆದಿತ್ತು. ತಪಾಸಣೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಹೆದ್ದಾರಿ ಪಕ್ಕದ ಏಕಸ್ ಕಾರ್ಖಾನೆಗಳಲ್ಲಿ ಇವತ್ತು ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ.