ಕಂಪನಿಯ ಸರ್ಟಿಫಿಕೇಟು, ನಿಮ್ಮ ಸ್ಪ್ರೇ ಪುಸ್ತಕ: ಗರ್ಕಿನ್ ಸೌತೆಯ ಒಳಲೆಕ್ಕ

ಗರ್ಕಿನ್ ಸೌತೆ ಬೆಳೆಯೋರಿಗೆ ಈ ಅನುಭವ ಹೊಸದೇನಲ್ಲ. ಹೋದ ಬೆಳೆಗೆ ಹೊಡೆದ ಔಷಧಿಯನ್ನೇ ಈ ಸಲವೂ ತಂದಿಟ್ಟಿರ್ತೀರಿ. ಅಷ್ಟರಲ್ಲಿ ಫೀಲ್ಡ್ ಆಫೀಸರ್ ವಾಟ್ಸಾಪ್ ಗ್ರೂಪಿಗೆ ಹೊಸ ಪಟ್ಟಿ ಹಾಕ್ತಾರೆ: ಇನ್ಮುಂದೆ ಇದನ್ನ ಮುಟ್ಟಬೇಡಿ. ಯಾಕೆ ಸಾರ್ ಅಂದ್ರೆ, 'ಫಾರಿನ್ ರೂಲ್ಸು' ಅನ್ನೋ ಒಂದೇ ಉತ್ತರ. ಅಂಗಡೀಲಿ ಬಿಲ್ ಹಾಕಿ ಮಾರೋ ಔಷಧಿ, ಪಕ್ಕದ ಹೊಲದವರು ಟೊಮೆಟೊಗೆ ಹೊಡೀತಿರೋ ಔಷಧಿ, ನಮಗೆ ಮಾತ್ರ ಯಾಕೆ ಬೇಡ? ಸಿಟ್ಟು ಬರೋದು ಸಹಜ. ಆದರೆ ಆ ಪಟ್ಟಿಯ ಹಿಂದೆ ಕಂಪನಿಯ ಒಂದು ವ್ಯಾಪಾರದ ಲೆಕ್ಕ ಇದೆ. ಅದು ನಿಮಗೂ ಗೊತ್ತಿದ್ದರೆ, ಮುಂದಿನ ಸಲ ಒಪ್ಪಂದಕ್ಕೆ ಸಹಿ ಹಾಕುವಾಗ ನಿಮ್ಮ ಕೈ ಸ್ವಲ್ಪ ಮೇಲಿರುತ್ತೆ.

ಈ ಬೆಳೆ ನಮ್ಮಲ್ಲಿ ಶುರುವಾಗಿದ್ದು 1990ರ ದಶಕದಲ್ಲಿ, ಅದೂ ಕರ್ನಾಟಕದಲ್ಲೇ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹೋಯಿತು. ಕೇಂದ್ರ ಸರ್ಕಾರ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು ಒಪ್ಪಂದದ ಮೇಲೆ 65,000 ಎಕರೆಯಲ್ಲಿ ಬೆಳೀತಾರೆ. ಭಾಗಿಸಿ ನೋಡಿ, ತಲಾ ಮುಕ್ಕಾಲು ಎಕರೆಯೂ ಬರಲ್ಲ. ಬೆಳೆದಿದ್ದೆಲ್ಲ ಹೆಚ್ಚುಕಮ್ಮಿ ಹೊರದೇಶಕ್ಕೇ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕೋಸಂಬರಿಗೆ ಹೆಚ್ಚಲ್ಲ, ಸಂತೆಯಲ್ಲಿ ಕೇಳೋರೂ ಇಲ್ಲ. ಹಾಗಾಗಿ ಕಂಪನಿ 'ಬೇಡ' ಅಂದ ದಿನ ಆ ಕಾಯಿಗೆ ಬೇರೆ ಗಿರಾಕಿ ಇಲ್ಲ. ಟೊಮೆಟೊ ಆದರೆ ಕಡಿಮೆ ರೇಟಿಗಾದರೂ ಮಂಡಿಗೆ ಹಾಕಬಹುದು. ಇದನ್ನು ದನಕ್ಕೆ ಹಾಕಬೇಕು ಅಷ್ಟೆ.

ಈಗ ಕಂಪನಿ ಕಡೆಯಿಂದ ನೋಡೋಣ. ಅವರ ಲೆಕ್ಕ ಹೊಲದಿಂದ ಶುರುವಾಗಲ್ಲ, ಪರದೇಶದ ಸೂಪರ್‌ಮಾರ್ಕೆಟ್ ಕಪಾಟಿನಿಂದ ಹಿಂದಕ್ಕೆ ಬರುತ್ತೆ. ಮೊದಲ ಪ್ರಶ್ನೆ: ಯಾರಿಗೆ ಮಾರೋದು? ಬ್ರಿಟನ್ನಿನ ದೊಡ್ಡ ಅಂಗಡಿಗಳಿಗಾದರೆ ಫ್ಯಾಕ್ಟರಿಗೆ ಬಿಆರ್‌ಸಿ ಸರ್ಟಿಫಿಕೇಟ್ ಬೇಕು. ಜರ್ಮನಿ, ಫ್ರಾನ್ಸ್ ಆದರೆ ಅಲ್ಲಿನ ವ್ಯಾಪಾರಿಗಳೇ ಕೂತು ಮಾಡಿದ ಐಎಫ್‌ಎಸ್ ಕೇಳ್ತಾರೆ. ಅಮೆರಿಕಕ್ಕಾದರೆ ಉಪ್ಪಿನಕಾಯಿಯ ಹುಳಿ, ಅಂದರೆ ಪಿಎಚ್, 4.6ಕ್ಕಿಂತ ಮೇಲೆ ಹೋಗದ ಹಾಗೆ ತಯಾರಿಸುವ ವಿಧಾನವನ್ನೇ ಅಲ್ಲಿನ ಎಫ್‌ಡಿಎಗೆ ಬರೆದು ಸಲ್ಲಿಸಬೇಕು. ಯಹೂದಿ ಗಿರಾಕಿಗಳಿಗೆ ಕೋಶರ್, ಗಲ್ಫ್‌ಗೆ ಹಲಾಲ್. ಒಂದೊಂದಕ್ಕೂ ಆಡಿಟ್ ಫೀಸು, ಕಾಗದಪತ್ರ, ಅದನ್ನೇ ನೋಡಿಕೊಳ್ಳೋಕೆ ಜನ. ಎಲ್ಲವನ್ನೂ ತಗೊಂಡು ಗೋಡೆಗೆ ನೇತುಹಾಕೋ ಕಂಪನಿ ದುಡ್ಡು ಪೋಲು ಮಾಡ್ತಿದೆ ಅಂತಲೇ ಅರ್ಥ. ಜಾಣರು ಯಾವ ಒಂದು ಸರ್ಟಿಫಿಕೇಟಿನಿಂದ ಹೆಚ್ಚು ಬಾಗಿಲು ತೆರೆಯುತ್ತೆ ಅಂತ ನೋಡಿ ಅದನ್ನೇ ಮೊದಲು ಹಿಡೀತಾರೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಸರ್ಕಾರದ ಕಾನೂನು ಬೇರೆ, ಖರೀದಿದಾರನ ಷರತ್ತು ಬೇರೆ. ಬಿಆರ್‌ಸಿ, ಐಎಫ್‌ಎಸ್, ಗ್ಲೋಬಲ್ ಗ್ಯಾಪ್ ಇವು ಯಾವುವೂ ಯಾವ ದೇಶದ ಕಾನೂನೂ ಅಲ್ಲ, ವ್ಯಾಪಾರಿಗಳ ಷರತ್ತುಗಳು. ಗ್ಲೋಬಲ್ ಗ್ಯಾಪನ್ನೇ ತಗೊಳ್ಳಿ. 1997ರಲ್ಲಿ ಯುರೋಪಿನ ಚಿಲ್ಲರೆ ವ್ಯಾಪಾರಿಗಳು 'ಯುರೆಪ್ ಗ್ಯಾಪ್' ಅಂತ ಶುರು ಮಾಡಿದ್ದು, 2007ರಲ್ಲಿ ಹೆಸರು ಬದಲಾಯಿತು. ಆದರೆ ಔಷಧಿ ಉಳಿಕೆಯ ಮಿತಿ, ಎಂಆರ್‌ಎಲ್ ಅಂತಾರಲ್ಲ, ಅದು ಕಾನೂನು. ಷರತ್ತು ತಪ್ಪಿದರೆ ಗಿರಾಕಿ ಹೋಗ್ತಾನೆ. ಮಿತಿ ದಾಟಿದರೆ ಸರಕು ಬಂದರಿನಲ್ಲೇ ನಿಲ್ಲುತ್ತೆ, ಕಂಪನಿ ಹೆಸರೂ ಕೆಡುತ್ತೆ.

ಕಷ್ಟ ಏನಂದ್ರೆ, ಆ ಮಿತಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕ ಒಪ್ಪಿದ್ದನ್ನ ಯುರೋಪ್ ಒಪ್ಪಲ್ಲ, ಯುರೋಪ್ ಒಪ್ಪಿದ್ದಕ್ಕೆ ಅಮೆರಿಕದಲ್ಲಿ ಮಿತಿಯೇ ಗೊತ್ತುಮಾಡಿರಲ್ಲ, ಗೊತ್ತುಮಾಡದಿದ್ದರೆ ಅಲ್ಲಿ ಅದು ಇರಲೇಬಾರದು. ಇಂಥಲ್ಲಿ ಕಂಪನಿಗೆ ಎರಡು ದಾರಿ. ಒಂದು, ದೇಶಕ್ಕೊಂದು ಔಷಧಿ ಪಟ್ಟಿ ಮಾಡಿ, ರೈತರನ್ನೂ ಕಾಯಿಯನ್ನೂ ಬೇರೆ ಬೇರೆ ಇಡೋದು. ಮುಕ್ಕಾಲು ಎಕರೆಯ ಸಾವಿರಾರು ಹೊಲಗಳನ್ನ ಹಾಗೆ ಬೇರ್ಪಡಿಸೋದು ಸುಲಭವಲ್ಲ. ಇನ್ನೊಂದು, ಎಲ್ಲರ ಮಿತಿಯನ್ನೂ ಒಟ್ಟಿಗಿಟ್ಟು ಅತಿ ಬಿಗಿಯಾದದ್ದನ್ನೇ ಎಲ್ಲರಿಗೂ ಹೇರೋದು. ಎರಡನೆಯದು ಕಂಪನಿಗೆ ಅಗ್ಗ. ಯಾವತ್ತು ಯಾವ ದೇಶದಿಂದ ಆರ್ಡರ್ ಬಂದರೂ ಗೋಡೌನಿನ ಯಾವ ಡ್ರಮ್ಮನ್ನಾದರೂ ಎತ್ತಿ ಕಳಿಸಬಹುದು. ನಿಮಗೆ ಬರೋ ಪಟ್ಟಿ ಅಷ್ಟು ಚಿಕ್ಕದಾಗಿರೋದು ಇದಕ್ಕೇ. ಲಾಭ ಕಂಪನಿಗೆ, ಹೊಲದಲ್ಲಿ ಬೂಜು ತುಪ್ಪಟ ರೋಗ ಬಂದಾಗ ಕೈಕಟ್ಟಿ ಕೂರೋ ಕಷ್ಟ ನಿಮಗೆ. ರೇಟು ಮಾತಾಡುವಾಗ ಇದನ್ನ ಎತ್ತಿ ಆಡೋದ್ರಲ್ಲಿ ತಪ್ಪೇನಿಲ್ಲ.

ಬಿಗಿ ಅಂದ್ರೆ ಎಷ್ಟು ಬಿಗಿ? ಕ್ಲೋರ್‌ಪೈರಿಫಾಸ್ ಗೊತ್ತಲ್ಲ, ನಮ್ಮಲ್ಲಿ ಗೆದ್ದಲಿಗೂ ಹುಳಕ್ಕೂ ಬಳಸ್ತಾ ಬಂದಿರೋದು. ಯುರೋಪ್ 2020ರ ಜನವರಿಯಲ್ಲಿ ಅದರ ಅನುಮತಿ ಮುಂದುವರಿಸಲಿಲ್ಲ. ಅದೇ ವರ್ಷ ನವೆಂಬರ್‌ನಿಂದ ಆಹಾರದಲ್ಲಿ ಅದರ ಮಿತಿಯನ್ನ ಕೆಜಿಗೆ 0.01 ಮಿಲಿಗ್ರಾಂಗೆ ಇಳಿಸಿತು. ಅಂದ್ರೆ ನೂರು ಟನ್ ಕಾಯಲ್ಲಿ ಒಂದು ಗ್ರಾಂ. ಎಚ್ಚರ ಇದ್ದ ಕಂಪನಿ ಹಾಗೆ ಬಾಗಿಲು ಮುಚ್ಚೋವರೆಗೆ ಕಾಯಲ್ಲ. ಯುರೋಪಿನಲ್ಲಿ ಯಾವ ಔಷಧಿಯ ಅನುಮತಿ ಮುಗೀತಾ ಬಂತು ಅಂತ ಮೊದಲೇ ನೋಡಿ ಒಂದು ಬೆಳೆ ಮುಂಚೆಯೇ ಪಟ್ಟಿಯಿಂದ ತೆಗೀತಾರೆ. ಡ್ರಮ್ಮಿನಲ್ಲಿ ಹಾಕಿಟ್ಟ ಸೌತೆ ತಿಂಗಳುಗಟ್ಟಲೆ ಇರುತ್ತೆ, ಇವತ್ತು ಸರಿಯಿದ್ದ ಕಾಯಿ ಹಡಗು ಹತ್ತೋ ಹೊತ್ತಿಗೆ ತಪ್ಪಾಗಬಹುದು. ಹೀಗಾಗಿ ಬೆಳೆ ನಡುವೆ ಪಟ್ಟಿ ಬದಲಾದ್ರೆ ಅದು ಫೀಲ್ಡ್ ಆಫೀಸರ್ ಕಿರಿಕಿರಿ ಅಂದ್ಕೋಬೇಡಿ. ಹಳೆ ಪಟ್ಟಿ ನಂಬಿ ತಂದ ಬಾಟಲಿಯ ದುಡ್ಡು ಯಾರು ಕೊಡ್ತಾರೆ ಅಂತ ಮಾತ್ರ ಕೇಳಿ.

ಈ ಬೆಳೆಗೆ ಇನ್ನೊಂದು ಪೇಚಿದೆ. ಔಷಧಿ ಹೊಡೆದು ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಲೇಬಲ್ ಮೇಲೆ ಇರುತ್ತೆ. ಭತ್ತಕ್ಕೋ ಜೋಳಕ್ಕೋ ಅದು ತಲೆನೋವೇ ಅಲ್ಲ. ಗರ್ಕಿನ್ನನ್ನ ಕೊಯ್ಲು ಶುರುವಾದ ಮೇಲೆ ದಿನಾ ಬಿಡಿಸಬೇಕು, ಎರಡು ದಿನ ಬಿಟ್ಟರೆ ಮಿಡಿ ದಪ್ಪವಾಗಿ ಗ್ರೇಡು ಇಳಿಯುತ್ತೆ. ಏಳು ದಿನ ಕಾಯೋ ಔಷಧಿ ಹೊಡೆದರೆ ಏಳು ದಿನದ ಕಾಯಿ ಹೋದ ಹಾಗೇ. ಆದ್ದರಿಂದ ಗಟ್ಟಿ ಔಷಧಿ ಏನಿದ್ದರೂ ಹೂ ಬಿಡೋದಕ್ಕೆ ಮುಂಚೆ. ಕೊಯ್ಲು ನಡೀವಾಗ ಕಾಯೋ ದಿನ ಒಂದೋ ಎರಡೋ ಇರೋದನ್ನ ಮಾತ್ರ, ಅದೂ ಪಟ್ಟಿಯಲ್ಲಿದ್ದರೆ.

ಸ್ಪ್ರೇ ಕ್ಯಾನ್ ವಿಷಯವನ್ನಂತೂ ಎಷ್ಟು ಹೇಳಿದರೂ ಸಾಲದು. ಒಂದು ಲೆಕ್ಕ ಹಾಕಿ: ನೀವು ಪಟ್ಟಿಯ ಔಷಧಿಯನ್ನೇ ಹೊಡೆದಿದ್ದೀರಿ, ಆದರೆ ಕ್ಯಾನ್ ಪಕ್ಕದವರದ್ದು, ಅವರು ನಿನ್ನೆ ಹತ್ತಿಗೆ ಬೇರೇನೋ ಹೊಡೆದಿದ್ದರು. ತಳದಲ್ಲಿ ಉಳಿದ ಒಂದು ಮುಚ್ಚಳದಷ್ಟು ನೀರು ಸಾಕು. ನಿಮ್ಮ ಕಾಯಿ ಸಂಗ್ರಹ ಕೇಂದ್ರದಲ್ಲಿ ಇನ್ನೂ ಹತ್ತಾರು ಜನರ ಕಾಯಿ ಜೊತೆ ಸೇರಿದರೆ ಇಡೀ ಲಾಟು ಹೋಯಿತು. ಬಿಆರ್‌ಸಿ ಆಡಿಟ್‌ನಲ್ಲಿ ಒಂದು ಪರೀಕ್ಷೆ ಇದೆ. ಯಾವುದೋ ಒಂದು ಬಾಟಲಿ ತೋರಿಸಿ, ಇದರ ಮೂಲ ಹುಡುಕಿ ಅಂತಾರೆ, ನಾಲ್ಕು ಗಂಟೆಯೊಳಗೆ ಉತ್ತರ ಬರಬೇಕು. ಆ ಹುಡುಕಾಟ ಕೊನೆಗೆ ಬಂದು ನಿಲ್ಲೋದು ನಿಮ್ಮ ರೈತ ಕೋಡ್ ಮತ್ತು ಸ್ಪ್ರೇ ಪುಸ್ತಕದ ಮುಂದೆ. ಪುಸ್ತಕ ಖಾಲಿ ಇದ್ದರೆ ತಪ್ಪು ನಿಮ್ಮದಲ್ಲ ಅಂತ ತೋರಿಸೋಕೂ ನಿಮ್ಮ ಹತ್ತಿರ ಏನೂ ಇರಲ್ಲ.

ಇನ್ನು ಬಹಳ ಜನ ಕೇಳದೇ ಬಿಡೋ ಪ್ರಶ್ನೆ: ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ? ಗ್ಲೋಬಲ್ ಗ್ಯಾಪ್‌ನಲ್ಲಿ ಒಬ್ಬೊಬ್ಬರೇ ತಗೋಬಹುದು, ಗುಂಪಾಗಿಯೂ ತಗೋಬಹುದು. ಗುಂಪಾದರೆ ಒಳಗಿನವರೇ ವರ್ಷಕ್ಕೊಮ್ಮೆ ಎಲ್ಲ ಹೊಲ ನೋಡ್ತಾರೆ, ಹೊರಗಿನ ಆಡಿಟರ್ ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ಹೊಲ ಮಾತ್ರ ನೋಡ್ತಾರೆ. ನೂರು ಜನ ಇದ್ದರೆ ಹತ್ತು ಹೊಲ. ಖರ್ಚು ಹಂಚಿಹೋಗುತ್ತೆ, ಸಣ್ಣ ರೈತರಿಗೆ ಇದೇ ದಾರಿ. ಆದರೆ ಗುಂಪು ಕಟ್ಟಿದ್ದು ಕಂಪನಿ ಆದರೆ ಸರ್ಟಿಫಿಕೇಟೂ ಕಂಪನಿಯದೇ. ಮೂರು ವರ್ಷ ಪುಸ್ತಕ ಬರೆದು, ಔಷಧಿ ರೂಮು ಕಟ್ಟಿ, ಪಟ್ಟಿ ಪಾಲಿಸಿದ್ದು ನೀವು. ಬೇರೆ ಕಂಪನಿಗೆ ಹೋದ ದಿನ ಬರಿಗೈ. ಇದು ಮೋಸ ಅಲ್ಲ, ದುಡ್ಡು ಹಾಕಿದವರು ಅವರು. ಆದರೂ ರೈತರನ್ನ ಹಿಡಿದಿಟ್ಟುಕೊಳ್ಳೋಕೆ ಇದೊಂದು ಹಗ್ಗ ಅನ್ನೋದು ನನ್ನ ಅನಿಸಿಕೆ. ನಿಮ್ಮೂರಲ್ಲಿ ಚೆನ್ನಾಗಿ ನಡೀತಿರೋ ಎಫ್‌ಪಿಒ ಇದ್ದರೆ ಅದರ ಹೆಸರಲ್ಲೇ ಗುಂಪು ಸರ್ಟಿಫಿಕೇಟ್ ಮಾಡಿಸೋ ಮಾತು ಎತ್ತಿ, ಅಪೇಡಾ ಕಡೆಯಿಂದ ಏನಾದರೂ ನೆರವು ಸಿಗುತ್ತಾ ವಿಚಾರಿಸಿ. ಲೆಕ್ಕ ಇಡೋಕೆ ಒಬ್ಬ ಖಾಯಂ ಮನುಷ್ಯ ಇಲ್ಲದ ಎಫ್‌ಪಿಒ ಇದಕ್ಕೆ ಕೈ ಹಾಕದಿರೋದೇ ಒಳ್ಳೇದು.

ಬೀಜ ತಗೊಳ್ಳೋಕೆ ಮುಂಚೆ ಇವನ್ನ ಕೇಳಿ, ಬರಹದಲ್ಲಿ ತಗೊಳ್ಳಿ: ಈ ಸಲದ ಮಾಲು ಯಾವ ದೇಶಕ್ಕೆ, ಔಷಧಿ ಪಟ್ಟಿಗೆ ಯಾವ ತಾರೀಕಿದೆ, ಲ್ಯಾಬ್ ಟೆಸ್ಟಿನ ಖರ್ಚು ಯಾರದ್ದು, ನನ್ನ ಕಾಯಿ ಫೇಲಾಯಿತು ಅಂದರೆ ರಿಪೋರ್ಟಿನ ಪ್ರತಿ ಕೊಡ್ತೀರಾ, ಮಿಕ್ಸ್ ಆದ ಲಾಟು ಫೇಲಾದರೆ ನಷ್ಟ ಯಾರ ಮೇಲೆ. ಕೊನೇ ಪ್ರಶ್ನೆಗೆ ತಡವರಿಸಿದರೆ ಅಲ್ಲೇ ಕೂತು ಬಗೆಹರಿಸಿಕೊಳ್ಳಿ. ನಾವು ಗ್ಲೋಬಲ್ ಗ್ಯಾಪ್ ಅಂದರೆ ಅವರ ಜಿಜಿಎನ್ ಕೇಳಿ. 13 ಅಂಕಿಯ ನಂಬರ್ ಅದು, ಗ್ಲೋಬಲ್ ಗ್ಯಾಪ್ ವೆಬ್‌ಸೈಟಿನಲ್ಲಿ ಹಾಕಿದರೆ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯಾ ಅಂತ ಮೊಬೈಲಲ್ಲೇ ಕಾಣುತ್ತೆ.

ಪುಸ್ತಕ ಬರೆಯೋಕೆ ಬೇಜಾರಾದರೆ ಇಷ್ಟಾದರೂ ಮಾಡಿ. ಕ್ಯಾನಿಗೆ ಔಷಧಿ ಸುರಿಯೋ ಮುಂಚೆ ಬಾಟಲಿ ಲೇಬಲ್ಲು ಮತ್ತು ಬ್ಯಾಚ್ ನಂಬರ್ ಕಾಣೋ ಹಾಗೆ ಒಂದು ಫೋಟೋ, ಅಂಗಡಿ ಬಿಲ್ಲಿನದೊಂದು ಫೋಟೋ. ತಾರೀಕು, ಸಮಯ ಫೋನೇ ಬರ್ಕೊಳ್ಳುತ್ತೆ. ರಾತ್ರಿ ಊಟ ಆದ ಮೇಲೆ ಅದನ್ನು ನೋಡಿಕೊಂಡು ಪುಸ್ತಕಕ್ಕೆ ಇಳಿಸಿ.