ಮೂತ್ರದ ಅವಸರ: ನಾಚಿಕೆ ಬೇಡ, ಪರಿಹಾರವಿದೆ

ಮದುವೆ ಮನೆಗೆ ಹೋದರೆ ಮೊದಲು ಶೌಚಾಲಯ ಹುಡುಕಬೇಕು. ದೂರದ ಬಸ್ ಪ್ರಯಾಣವೆಂದರೆ ಭಯ. ನಮಾಝ್‌ಗೆ ನಿಂತರೆ ವುಝೂ ಉಳಿದಿದೆಯೋ ಇಲ್ಲವೋ ಎಂಬ ಚಿಂತೆ. ಅನೇಕ ಮಹಿಳೆಯರು ಈ ತೊಂದರೆಯನ್ನು ಮನೆಯವರಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ. 'ಹೆರಿಗೆಯಾದ ಮೇಲೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಿರುವುದು ಸರಿಯಲ್ಲ. ಇದಕ್ಕೆ ಚಿಕಿತ್ಸೆಯಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಕುಟುಂಬ ವೈದ್ಯರಲ್ಲೇ ಅದನ್ನು ಆರಂಭಿಸಬಹುದು.

ಏನಿದು?

ಮೂತ್ರಕೋಶ ಪೂರ್ತಿ ತುಂಬುವ ಮೊದಲೇ ಅದರ ಸ್ನಾಯು ಬಿಗಿಯಾದರೆ ತಡೆಯಲಾಗದ ಅವಸರ ಉಂಟಾಗುತ್ತದೆ. ಹಗಲಿನಲ್ಲಿ 8ಕ್ಕಿಂತ ಹೆಚ್ಚು ಬಾರಿ ಹೋಗಬೇಕಾಗುವುದು, ರಾತ್ರಿ ಮತ್ತೆ ಮತ್ತೆ ಎಚ್ಚರವಾಗುವುದು, ಕೆಲವೊಮ್ಮೆ ಶೌಚಾಲಯ ತಲುಪುವ ಮುನ್ನವೇ ಸೋರುವುದು ಇದರ ಲಕ್ಷಣಗಳು. ಕೆಮ್ಮಿದಾಗ, ಸೀನಿದಾಗ ಮಾತ್ರ ಸೋರುವುದು ಬೇರೆ ತೊಂದರೆ. ಕೆಲವರಿಗೆ ಎರಡೂ ಇರಬಹುದು.

ವೈದ್ಯರು ಮೊದಲು ಮೂತ್ರದ ಸೋಂಕು ಮತ್ತು ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ಎಷ್ಟು ನೀರು ಕುಡಿದಿರಿ, ಎಷ್ಟು ಬಾರಿ ಹೋದಿರಿ, ಯಾವಾಗ ಸೋರಿತು ಎಂಬುದನ್ನು 3 ದಿನ ಬರೆದಿಟ್ಟು ಒಯ್ದರೆ ಬಹಳ ಅನುಕೂಲ.

ಮನೆಯಲ್ಲಿ ಏನು ಮಾಡಬೇಕು?

* ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ನೀರು ತೀರಾ ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸಬಹುದು, ಮಲಬದ್ಧತೆಯೂ ಹೆಚ್ಚುತ್ತದೆ. ರಮಝಾನ್‌ನಲ್ಲಿ ಒಮ್ಮೆಲೇ ಕುಡಿಯದೆ ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ.
* ಚಹಾ, ಕಾಫಿ ಕಡಿಮೆ ಮಾಡಿ. ತೂಕ ಹೆಚ್ಚಿದ್ದರೆ ಇಳಿಸಿ.
* ಗಂಟೆಗೊಮ್ಮೆ ಹೋಗುವವರು ಮೊದಲು 10 ನಿಮಿಷ ತಡೆದು ನೋಡಿ. ಅವಸರವಾದಾಗ ಓಡದೆ, ಕುಳಿತು ನಿಧಾನವಾಗಿ ಉಸಿರಾಡಿ. ಈ ಅಂತರವನ್ನು ವಾರವಾರವೂ ಸ್ವಲ್ಪ ಹೆಚ್ಚಿಸಿ. ಕನಿಷ್ಠ 6 ವಾರ ಬಿಡದೆ ಮಾಡಬೇಕು.
* ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸಿ. ಒಂದು ಸಲಕ್ಕೆ 8 ಬಾರಿಯಂತೆ ದಿನಕ್ಕೆ 3 ಸಲ, 3 ತಿಂಗಳು ಮಾಡಿ. ಮೂತ್ರ ಮಾಡುತ್ತಿರುವಾಗ ಈ ವ್ಯಾಯಾಮ ಬೇಡ.

ಇಷ್ಟರಿಂದ ಸಾಕಾಗದಿದ್ದರೆ ಮಾತ್ರೆಗಳಿವೆ. ಕೆಲವು ಮಾತ್ರೆಗಳಿಂದ ಬಾಯಿ ಒಣಗುವುದು, ಮಲಬದ್ಧತೆ ಉಂಟಾಗಬಹುದು. ವೃದ್ಧರಲ್ಲಿ ಮರೆವು, ಗೊಂದಲವೂ ಕಾಣಿಸಬಹುದು. ಆದ್ದರಿಂದ ಗ್ಲಾಕೋಮಾ, ರಕ್ತದೊತ್ತಡ ಇದ್ದರೆ ಮತ್ತು ಬೇರೆ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅಂಗಡಿಯಿಂದ ತಾವೇ ತಂದು ನುಂಗಬೇಡಿ.

ತಡಮಾಡಬೇಡಿ

ಮೂತ್ರದಲ್ಲಿ ರಕ್ತ, ಜ್ವರ, ಹೊಟ್ಟೆನೋವು, ಮೂತ್ರ ಕಟ್ಟುವುದು, ಕಾಲುಗಳಲ್ಲಿ ಬಲ ಕುಂದುವುದು, ಯೋನಿಯಲ್ಲಿ ಗಡ್ಡೆ ಇಳಿದಂತಾಗುವುದು ಕಂಡರೆ ಕೂಡಲೇ ವೈದ್ಯರನ್ನು ಕಾಣಿ.

ಸದಾ ಮೂತ್ರ ಸೋರುವವರಿಗೆ ವುಝೂ ವಿಷಯದಲ್ಲಿ ಶರೀಅತ್ ರಿಯಾಯಿತಿ ನೀಡಿದೆ. ವಿವರವನ್ನು ತಿಳಿದ ವಿದ್ವಾಂಸರಲ್ಲಿ ಕೇಳಿಕೊಳ್ಳಿ. ಈ ಚಿಂತೆಯಲ್ಲಿ ನಮಾಝ್ ಬಿಡಬೇಡಿ. ಮನೆಯ ಹಿರಿಯ ಹೆಂಗಸರು ಹೊರಗೆ ಹೋಗಲು ಹಿಂಜರಿಯುತ್ತಿದ್ದರೆ ಮಕ್ಕಳು, ಸೊಸೆಯಂದಿರು ಮೆಲ್ಲಗೆ ಕಾರಣ ಕೇಳಿ ವೈದ್ಯರ ಬಳಿ ಕರೆದೊಯ್ಯಲಿ.